ಸುಬ್ಬಿಗೆ ಏಕಾದಶಿಯ ಅನ್ನ

ಹಿತ್ತಲಿನಲ್ಲಿ ನಮ್ಮ ಬೆಕ್ಕು ಸುಬ್ಬಿ ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತಿದ್ದನ್ನು ಮೊದಲು ಕಂಡವರು ನಮ್ಮ ಅತ್ತೆ. ಸುಬ್ಬಿ ಆಗಲೇ ಸೊರಗಿತ್ತು. ಬಚ್ಚಲ ನೀರಿಗೂ ಬಾಯಿ ಹಾಕುತ್ತಿತ್ತು. ಬೇಸಿಗೆಯ ಧಗೆ ಅಂದೆ.

“ಧಗಿ ಅಲ್ಲ ಬಿಡವಾ. ಇದಕ್ಕೂ ನನ್ನ ಜಡ್ಡ ಬಂದದ,” ಅಂದರು ಅತ್ತೆ.

ಅವರಿಗೆ ಡಯಾಬಿಟೀಸ್. ಎರಡೂ ಹೊತ್ತು ಊಟಕ್ಕೆ ಮುಂಚೆ ನಾನೇ ಇಂಜೆಕ್ಷನ್ ಕೊಡುತ್ತೇನೆ. ಮಾವ ತೀರಿಕೊಂಡ ಮೇಲೆ ಅವರ ಮಾತು ಕಡಿಮೆಯಾಗಿದೆ. ಆಡುವ ನಾಲ್ಕು ಮಾತೂ ಸುಬ್ಬಿಯ ಜೊತೆಗೇ. ಬೆಕ್ಕು ಹೋದರೆ ಅತ್ತೆ ಉಳಿಯುತ್ತಾರೆಯೇ ಎಂದು ನನಗೆ ಹೆದರಿಕೆ.

ದನದ ಡಾಕ್ಟರು ಉಚ್ಚೆಯನ್ನು ನೀಲಿ ದ್ರಾವಣದಲ್ಲಿ ಕಾಸಿದರು. ಇಟ್ಟಂಗಿಯ ಬಣ್ಣಕ್ಕೆ ತಿರುಗಿತು; ಸಕ್ಕರೆ ಬಹಳವಿದೆ ಎಂದರ್ಥ.

“ಎತ್ತು, ಎಮ್ಮಿ ಆಗಿದ್ರ ಧೈರ್ಯಾ ಹೇಳ್ತಿದ್ದೆರಿ. ಬೆಕ್ಕಿಗೆ ಇನ್ಸುಲಿನ್ ಕೊಡೋದು ಪುಸ್ತಕದಾಗ ಓದೇನಿ ಅಷ್ಟ. ನಿಮ್ಮ ಅತ್ತಿಯವರದನ್ನ ಸ್ವಲ್ಪ ಕೊಟ್ಟು ನೋಡ್ರಿ.”

ಅತ್ತೆಯದು ಸಾದಾ ಇನ್ಸುಲಿನ್, ನೀರಿನ ಹಾಗೆ ತಿಳಿ. ಬೇಗ ಕೆಲಸ ಮಾಡಿ ಬೇಗ ಮುಗಿಯುತ್ತದೆ. ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನ ಸುಬ್ಬಿ ಮತ್ತೆ ನೀರಿನ ಮುಂದೆ. ಏಕಾದಶಿಗೆ ನಮ್ಮಲ್ಲಿ ಅನ್ನ ಬೇಯುವುದಿಲ್ಲ. ಊಟವಿಲ್ಲದ ಮೇಲೆ ಅತ್ತೆಗೆ ಇಂಜೆಕ್ಷನ್ನೂ ಇಲ್ಲ. ಉಪವಾಸ ಬೇಡವೆಂದು ಅವರ ಡಾಕ್ಟರು ಎಷ್ಟು ಬಡಿದುಕೊಂಡರೂ ಕೇಳಿದವರಲ್ಲ. ಅಂದು ಸುಬ್ಬಿಗೂ ಬರೀ ಹಾಲು, ಸೂಜಿಗೆ ರಜೆ.

ಬೆಕ್ಕು ಚೇತರಿಸಿಕೊಳ್ಳಲಿಲ್ಲ. ದನದ ಡಾಕ್ಟರು ಔಷಧ ಬದಲಿಸಿದರು. ನನ್ನ ಯಜಮಾನರು ಹುಬ್ಬಳ್ಳಿಯಿಂದ ತಂದ ಹೊಸ ಶೀಶೆಯಲ್ಲಿದ್ದದ್ದು ಹಾಲಿನಂತೆ ಮಸುಕು. ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿಯೇ ಸಿರಿಂಜಿಗೆ ಎಳೆಯಬೇಕು.

“ದಿನಕ್ಕ ಒಂದ ಸಲ ಸಾಕು. ಆದ್ರ ಒಂದು ದಿನಾನೂ ತಪ್ಪಸಬ್ಯಾಡ್ರಿ,” ಅಂದಿದ್ದರು ದನದ ಡಾಕ್ಟರು.

ಕೆಲವೇ ದಿನಗಳಲ್ಲಿ ಸುಬ್ಬಿ ಕಟ್ಟೆ ಹತ್ತಿ ಕೂತಿತು. ಅತ್ತೆ ಬಹಳ ದಿನದ ಮೇಲೆ ನಕ್ಕರು.

ಆಮೇಲೆ ಏಕಾದಶಿ ಬಂತು.

ತಪ್ಪಿಸಬಾರದೆಂದು ಸೂಜಿ ಕೊಟ್ಟೆ. ಮನೆಯಲ್ಲಿ ಅನ್ನವಿಲ್ಲ. ಹಾಲನ್ನು ಸುಬ್ಬಿ ಮೂಸಿ, ಕುಡಿಯದೆ ಬಿಟ್ಟಿತು. ಇದರಲ್ಲಿ ಅಪಾಯವಿದೆಯೆಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಮಧ್ಯಾಹ್ನ ನೋಡಿದರೆ ಪಡಸಾಲೆಯಲ್ಲಿ ಮಗ್ಗುಲಾಗಿ ಬಿದ್ದು ಕಾಲು ಬಡಿಯುತ್ತಿದೆ.

ಅತ್ತೆ ಸಕ್ಕರೆ ನೀರಿನಲ್ಲಿ ಬೆರಳದ್ದಿ ಅದರ ಒಸಡಿಗೆ ಉಜ್ಜುತ್ತಲೇ ಕೂತರು. ಕೊನೆಗೆ ಕಣ್ಣು ಬಿಟ್ಟಿತು. ಆದರೆ ಅಂದಿನಿಂದ ನಡಿಗೆ ನೆಟ್ಟಗಿಲ್ಲ. ಕರೆದರೆ ಬೇರೆ ಕಡೆ ನೋಡುತ್ತದೆ.

“ಈ ಇನ್ಸುಲಿನ್ ಇಡೀ ದಿನಾ ಕೆಲಸಾ ಮಾಡ್ತದರಿ. ಹೊಟ್ಟಿಯಾಗ ಏನೂ ಇಲ್ಲಂದ್ರ ಸಕ್ಕರಿ ಪೂರಾ ಇಳದು ಜೀವಕ್ಕ ಬರ್ತದ. ಅದನ್ನೂ ನಾ ಬಿಡಿಸಿ ಹೇಳಬೇಕಿತ್ತು,” ಅಂದರು ದನದ ಡಾಕ್ಟರು.

ನನಗೆ ಅವರ ಮೇಲೂ ಸಿಟ್ಟು, ಉಪವಾಸದ ಮೇಲೂ ಸಿಟ್ಟು. ಹಳೆಯ ಇನ್ಸುಲಿನ್ನಿಗೇ ಮರಳೋಣ ಅಂದೆ. ಅತ್ತೆ ಬೇಡವೆಂದು ತಲೆಯಾಡಿಸಿದರು.

ಇವತ್ತು ಮತ್ತೆ ಏಕಾದಶಿ. ಬೆಳಿಗ್ಗೆ ಅತ್ತೆ ತಾವೇ ಹಿತ್ತಲಲ್ಲಿ ಇದ್ದಿಲ ಒಲೆ ಹೊತ್ತಿಸಿ ಹಿಡಿ ಅಕ್ಕಿ ಇಟ್ಟರು. ಮದುವೆಯಾಗಿ ಬಂದಾಗಿನಿಂದ ಇಂಥದ್ದನ್ನು ಈ ಮನೆಯಲ್ಲಿ ನಾನು ನೋಡಿಲ್ಲ.

“ನನ್ನ ಏಕಾದಶಿ ಅದರ ಹೊಟ್ಟಿಗ್ಯಾಕವಾ,” ಅಂದರು.

ತಾವು ನೀರನ್ನೂ ಮುಟ್ಟದೆ ಸುಬ್ಬಿಗೆ ತುತ್ತು ಮಾಡಿ ಉಣಿಸಿದರು. ಇನ್ನೆಷ್ಟು ದಿನವೋ, ಡಾಕ್ಟರೂ ಹೇಳುವುದಿಲ್ಲ. ಇವತ್ತು ತಿಂದಿತು, ಅಷ್ಟು ಸಾಕು. ತಟ್ಟೆ ಖಾಲಿಯಾದದ್ದನ್ನು ನೋಡಿಕೊಂಡು ನಾನು ಶೀಶೆಯನ್ನು ಅಂಗೈಯಲ್ಲಿ ಉರುಳಿಸಿದೆ.