ಟ್ಯಾಂಕಿನಡಿಯ ಕುರ್ಚಿ

ನಮ್ಮ ನೀರು ಸರಬರಾಜು ಕಚೇರಿಯ ಹಿರಿಯ ಎಂಜಿನಿಯರಿಗೆ ಲೋಟದ ತುಂಬ ಟೀ ಕೊಡುವಂತಿಲ್ಲ. "ಮೇಲೆ ಎರಡು ಬೆರಳು ಜಾಗ ಬಿಡಬೇಕು" ಎಂದು ವಾಪಸು ಕಳಿಸುತ್ತಾರೆ. ಬೀಗರ ಮನೆಗೆ ಹೋದರೂ ಮೊದಲು ಗೋಡೆಗೆ ಅಂಗೈ ಒತ್ತಿ ತೇವ ನೋಡುತ್ತಾರೆ. ಹೊಸ ಟ್ಯಾಂಕಿಗೆ ಮೊದಲ ಸಲ ನೀರು ತುಂಬಿಸುವ ದಿನವಂತೂ ಅವರ ಹತ್ತಿರ ಯಾರೂ ಸುಳಿಯುವುದಿಲ್ಲ. ಸುತ್ತ ಹಗ್ಗ ಕಟ್ಟಿಸಿ, ನಮ್ಮನ್ನೆಲ್ಲ ಆಚೆ ಅಟ್ಟಿ, ಟ್ಯಾಂಕಿನ ನೇರ ಕೆಳಗೆ ಕುರ್ಚಿ ಹಾಕಿಕೊಂಡು ಒಬ್ಬರೇ ಕೂರುತ್ತಾರೆ. ಟ್ಯಾಂಕು ಭಾರ ತಡೆಯುತ್ತದೆಂದು ಲೆಕ್ಕ ಮಾಡಿದವರೇ ಕೆಳಗೆ ಕೂರಬೇಕು ಎಂಬುದು ಅವರ ಕಾನೂನು. ಇಪ್ಪತ್ತಾರು ಟ್ಯಾಂಕಿಗೂ ಹಾಗೇ ಕೂತವರು. ನಿನ್ನೆ ಇಪ್ಪತ್ತೇಳನೆಯದು. ಪಂಪು ಶುರುವಾಗಿ, ಮೇಲೆ ನೀರು ಬೀಳುವ ಸದ್ದು ಕೇಳುತ್ತಿದ್ದಂತೆ, ನಮ್ಮಲ್ಲೇ ಕಿರಿಯ ಎಂಜಿನಿಯರಾಗಿರುವ ಅವರ ಮಗಳು ಹಗ್ಗ ದಾಟಿ ಹೋದಳು. "ಇದರ ಲೆಕ್ಕ ನಂದು. ಏಳಿ ಅಪ್ಪಾ." "ಮೂರು ಸಲ ನೋಡಿದೀನಿ, ಸರಿಯಾಗಿದೆ. ನೀನು ಆಚೆ ಹೋಗು." "ಸರಿಯಾಗಿದ್ರೆ ನಾನು ಕೂತ್ರೇನು?" ಅವರು ಎದ್ದು ಕುರ್ಚಿ ಬಿಟ್ಟುಕೊಟ್ಟರು, ಹಗ್ಗದಾಚೆ ಮಾತ್ರ ಬರಲಿಲ್ಲ. ಟ್ಯಾಂಕು ತುಂಬುವವರೆಗೂ ಅವಳ ಹಿಂದೆಯೇ ನಿಂತಿದ್ದರು. ಐದು ಲಕ್ಷ ಲೀಟರು ನೀರಿಗೆ ಅಡ್ಡವಾಗಿ, ಅವಳಿಗೆ ತಿಳಿಯದಂತೆ, ಅವಳ ತಲೆಯ ಮೇಲೆ ಅಂಗೈ ಹಿಡಿದುಕೊಂಡು.