ದಿಬ್ಬೂರಹಳ್ಳಿಯ ಹುಳು ಮನೆ ಮತ್ತು ಚೈತ್ರಾಳ ವೈರಸ್

ಹೋದ ಭಾನುವಾರ ದಿಬ್ಬೂರಹಳ್ಳಿಯಲ್ಲಿ ಒಂದು ವಿಚಾರಣೆ ನಡೆಯಿತು. ಆರೋಪಿ ನನ್ನ ತಂಗಿಯ ಮಗಳು ಚೈತ್ರಾ. ಆರೋಪ? ಬೆಂಗಳೂರಿನ ಲ್ಯಾಬಿನಿಂದ ವೈರಸ್ ತಂದು, ಮನೆಯ ರೇಷ್ಮೆ ಹುಳುಗಳಿಗೆ ರೋಗ ಹಚ್ಚಿ, ಬೆಳೆಯನ್ನೆಲ್ಲ ಹಾಳು ಮಾಡಿದಳು ಅನ್ನುವುದು.

ನಗಬೇಡಿ. ತಂಗಿ ಫೋನಿನಲ್ಲಿ ಹೇಳಿದಾಗ ನಾನೂ ನಕ್ಕಿದ್ದೆ. ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗಿ ಆ ಹುಡುಗಿಯ ಮುಖ ನೋಡಿದ ಮೇಲೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು.

ಚೈತ್ರಾ ಕ್ಯಾನ್ಸರ್ ಮೇಲೆ ಪಿಎಚ್.ಡಿ ಮಾಡುತ್ತಿದ್ದಾಳೆ. ಮೂರನೇ ವರ್ಷ. ಈಚೆಗೆ ಊರಿಗೆ ಬಂದಿದ್ದಾಗ ಅವಳ ದೊಡ್ಡಪ್ಪ ಮುನಿಕೃಷ್ಣಪ್ಪನವರು (ಆ ಕೂಡು ಕುಟುಂಬದ ಯಜಮಾನರು) ಊಟಕ್ಕೆ ಕೂತಾಗ ಕೇಳಿದರಂತೆ, "ದಿನವೆಲ್ಲ ಅಲ್ಲಿ ಏನಮ್ಮ ಮಾಡ್ತೀಯ?"

ಪಾಪ, ಅವಳು ಅರ್ಥವಾಗುವ ಹಾಗೆ ಬಿಡಿಸಿ ಹೇಳಿದಳು. ನಮ್ಮ ಮೈಯ ಜೀವಕೋಶ ಒಂದು ಎರಡಾಗಬೇಕಾದರೆ ಒಳಗಿರುವ ಕೆಲವು ಜೀನ್‌ಗಳು ಅಪ್ಪಣೆ ಕೊಡಬೇಕು. ಕ್ಯಾನ್ಸರ್ ಕೋಶದಲ್ಲಿ ಈ ಅಪ್ಪಣೆಗೆ ಲಂಗುಲಗಾಮೇ ಇರುವುದಿಲ್ಲ. ಅಂಥ ಒಂದು ಜೀನಿನ ಬಾಯಿ ಮುಚ್ಚಿಸಿದರೆ ಕೋಶ ಬೆಳೆಯುವುದು ನಿಲ್ಲುತ್ತದಾ ಎಂದು ಇವಳು ನೋಡುತ್ತಾಳೆ. ಬಾಯಿ ಮುಚ್ಚಿಸುವ ಸಂದೇಶವನ್ನು ಕೋಶದ ಒಳಗೆ ತಲುಪಿಸುವವರು ಯಾರು? ವೈರಸ್. ಕೋಶದೊಳಗೆ ನುಗ್ಗುವುದು ಅದಕ್ಕೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಆದರೆ ತನ್ನ ಸಂತಾನ ಬೆಳೆಸಿಕೊಂಡು ಹರಡುವ ಶಕ್ತಿಯನ್ನು ಅದರಿಂದ ಮೊದಲೇ ತೆಗೆದುಹಾಕಿರುತ್ತಾರೆ. ಪಾರ್ಸೆಲ್ ಮುಟ್ಟಿಸಿದರೆ ಅದರ ಕೆಲಸ ಮುಗಿಯಿತು. ಅದೂ ಗಾಜಿನ ಕ್ಯಾಬಿನೆಟ್ಟಿನೊಳಗೆ, ಗ್ಲೌಸ್ ಹಾಕಿಕೊಂಡು, ಪುಟ್ಟ ತಟ್ಟೆಗಳಲ್ಲಿ ಬೆಳೆಸಿದ ಕೋಶಗಳ ಮೇಲೆ.

ಆವತ್ತು ಎಲ್ಲರೂ ತಲೆದೂಗಿದರು. "ನಮ್ಮ ಹುಡುಗಿ ಡಾಕ್ಟ್ರಾಗ್ತಾಳೆ ಕಣಪ್ಪ" ಅಂದರು. ಊಟವಾದ ಮೇಲೆ ಚೈತ್ರಾ ಅಮ್ಮನ ಜೊತೆ ಹುಳು ಮನೆಗೆ (ಹಿತ್ತಲಲ್ಲಿ ರೇಷ್ಮೆ ಹುಳು ಸಾಕುವ ಶೆಡ್ಡು) ಹೋಗಿ ಸೊಪ್ಪು ಹಾಕಿ ಬಂದಳು. ಮರುದಿನ ಬೆಂಗಳೂರಿಗೆ ಹೊರಟಳು.

ಕೆಲವೇ ದಿನಕ್ಕೆ ಹುಳುಗಳು ಊದಿಕೊಂಡವು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು, ಅಷ್ಟರಲ್ಲಿ ಚರ್ಮ ಬಿರಿದು ಬಿಳಿ ನೀರು ಸುರಿಸಿಕೊಂಡು ಸತ್ತವು. ಹಾಲು ರೋಗ. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಹುಳು ಮೇಯಿಸುವ ಯಾರಿಗೆ ಇದು ಗೊತ್ತಿಲ್ಲ? ಇದಕ್ಕೂ ಕಾರಣ ಒಂದು ವೈರಸ್ಸೇ. ಆದರೆ ಅದು ಹುಳುಗಳ ವೈರಸ್. ಹಳೆಯ ಬೆಳೆಯ ಕಸದಲ್ಲಿ, ತಟ್ಟೆಯಲ್ಲಿ, ನೆಲದಲ್ಲಿ ಕೂತಿದ್ದು ಹೊಸ ಹುಳುಗಳಿಗೆ ಹತ್ತಿಕೊಳ್ಳುತ್ತದೆ. ಚೈತ್ರಾಳ ಲ್ಯಾಬಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಆದರೆ ಯಜಮಾನರ ಕಿವಿಯಲ್ಲಿ ಉಳಿದಿದ್ದು ಒಂದೇ ಪದ, ವೈರಸ್. ಫೋನ್ ಮಾಡಿ ಹುಡುಗಿಯನ್ನು ಊರಿಗೆ ಕರೆಸಿದರು.

ನಾನು ಹೋದಾಗ ಅವಳು ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತಿದ್ದಳು. ಉಳಿದವರೆಲ್ಲ ಕೂತಿದ್ದರು.

"ಹುಳು ಮನೆಗೆ ಹೊರಗಿನೋರನ್ನ ಬಿಡಬಾರದು ಅಂತ ನಮ್ಮಪ್ಪನ ಕಾಲದಿಂದ್ಲೂ ಇದೆ. ಇವಳು ಆ ಪಾಡು ವೈರಸ್ನ ಮೈಗೆ ಮೆತ್ಕೊಂಡು ಬಂದು ಒಳಗೆ ನುಗ್ಗಿದ್ಲಲ್ಲ!" ಅಂದರು ಮುನಿಕೃಷ್ಣಪ್ಪ. (ಪಾಡು ಅಂದರೆ ದರಿದ್ರ; ನಮ್ಮ ಕಡೆ ಬೈಯುವಾಗ ತೆಲುಗು ತಾನಾಗಿಯೇ ಬಂದುಬಿಡುತ್ತದೆ.)

ಹೊರಗಿನವಳಂತೆ! ಅದೇ ಮನೆಯಲ್ಲಿ ಹುಟ್ಟಿ, ಅದೇ ಹುಳುಗಳಿಗೆ ಸೊಪ್ಪು ಹಾಕಿ ಬೆಳೆದವಳು.

"ಹೋದ ಬೆಳೆ ಆದ್ಮೇಲೆ ಹುಳು ಮನೆ ತೊಳೆದ್ರಾ? ಬ್ಲೀಚಿಂಗ್ ಪೌಡರ್ ಹಾಕಿದ್ರಾ?" ಎಂದು ಕೇಳಿದೆ.

ಚೈತ್ರಾಳ ಅಪ್ಪ ನಾರಾಯಣಸ್ವಾಮಿ ಮೆಲ್ಲಗೆ, "ಟೈಮ್ ಎಲ್ಲಿತ್ತಕ್ಕ? ಆಗ್ಲೇ ಮರಿ ಹುಳ ಬಂದ್ಬಿಟ್ಟಿದ್ವು. ಗುಡಿಸಿ ಹಂಗೇ ಬಿಟ್ವಿ" ಅಂದ.

ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಕಾರಣ ಎಲ್ಲರೆದುರೇ ಹೊರಗೆ ಬಂದಿತ್ತು. ಮುಗಿಯಲಿಲ್ಲ. "ಎಷ್ಟೋ ಸಲ ಹಂಗೇ ಬಿಟ್ಟಿದೀವಿ. ಆವಾಗೆಲ್ಲ ಬರದೇ ಇದ್ದಿದ್ದು ಈಗ್ಲೇ ಯಾಕೆ ಬಂತು?" ಅಂದರು ಯಜಮಾನರು.

ಕೋವಿಡ್ ಕಾಲದಲ್ಲಿ ಇವರು ಲಸಿಕೆ ಹಾಕಿಸಿಕೊಂಡು, ಷರ್ಟಿನ ತೋಳು ಮಡಚಿದ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದ್ದು ನನಗೆ ನೆನಪಿದೆ. ಆಗ ನಮ್ಮಲ್ಲಿ ಬಹಳ ಮಂದಿ ಹಾಕಿಸಿಕೊಂಡ ಲಸಿಕೆಯನ್ನು ಮೈಯೊಳಗೆ ಹೊತ್ತು ತಂದಿದ್ದೂ ಹೀಗೇ ಶಕ್ತಿ ತೆಗೆದ ಒಂದು ವೈರಸ್. ಅದನ್ನೂ ಹೇಳಿದೆ. "ಅದು ಸರ್ಕಾರ ಕೊಟ್ಟಿದ್ದು. ಅದೇ ಬೇರೆ, ಇದೇ ಬೇರೆ" ಅಂದರು! ಇಂಥವರ ಜೊತೆ ಏನು ಮಾತಾಡುತ್ತೀರಿ?

ಬೆಳೆ ಹೋದ ಸಂಕಟ ನನಗೂ ಗೊತ್ತು. ನಾನೂ ಹುಳು ಮೇಯಿಸುವ ಮನೆಯಲ್ಲೇ ಬೆಳೆದವಳು. ನಮ್ಮ ಕಾಲದಲ್ಲಿ ಬೆಳೆ ಕೆಟ್ಟರೆ ಮೊದಲು ಕೇಳುತ್ತಿದ್ದ ಪ್ರಶ್ನೆ, ಮುಟ್ಟಾದವರು ಯಾರು ಒಳಗೆ ಹೋಗಿದ್ದರು ಅನ್ನುವುದು. ಈಗ ಲ್ಯಾಬಿನವರು ಯಾರು ಹೋಗಿದ್ದರು ಎಂದು ಕೇಳುತ್ತಾರೆ. ಪೊರಕೆ ಹಿಡಿದು ನೆಲ ತೊಳೆಯದ ಗಂಡಸರನ್ನು ಆಗಲೂ ಯಾರೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ತೀರ್ಪೂ ಬಂತು. "ಆ ಓದೆಲ್ಲ ಬಿಟ್ಬಿಡ್ಲಿ. ಚಿಕ್ಕಬಳ್ಳಾಪುರದಲ್ಲೇ ಬಿ.ಎಡ್ ಮಾಡ್ಲಿ. ನಾಳೆಯಿಂದ ಹೋಗೋದು ಬೇಡ." ನಾರಾಯಣಸ್ವಾಮಿ ಅಣ್ಣನ ಮುಖ ನೋಡಿ ಹೂಂ ಎಂದು ತಲೆಯಾಡಿಸಿದ. ಮೂರು ವರ್ಷದ ಕೆಲಸ ಒಂದು ಹೂಂನಲ್ಲಿ ಹೋಯಿತು.

ನಾನು ಎದ್ದೆ. "ಚೀಲ ತಗೊಂಡ್ಬಾರೇ ಚೈತ್ರಾ" ಅಂದೆ.

"ಅಕ್ಕ, ಅಣ್ಣ ಬೇಡ ಅಂದ್ಮೇಲೆ..." ಎಂದು ರಾಗ ಎಳೆದ ನಾರಾಯಣಸ್ವಾಮಿ.

"ಇವಳು ನಿನ್ನ ಮಗಳೋ, ನಿಮ್ಮಣ್ಣನ ಮಗಳೋ?"

ಅಷ್ಟರಲ್ಲಿ ನನ್ನ ತಂಗಿ ಲಲಿತ ಒಳಗಿಂದ ಚೀಲ ತಂದು, ಯಾರ ಮುಖವನ್ನೂ ನೋಡದೆ, ಮಗಳ ಕೈಗೆ ಕೊಟ್ಟಳು. ಹಿಂದಿನಿಂದ ಯಜಮಾನರು ಕೂಗಾಡುತ್ತಲೇ ಇದ್ದರು. ಕೂಗಾಡಲಿ ಬಿಡಿ.

ಶಿಡ್ಲಘಟ್ಟದಲ್ಲಿ ಅವಳನ್ನು ಬೆಂಗಳೂರು ಬಸ್ಸಿಗೆ ಹತ್ತಿಸಿದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು. ಮನೆಯಲ್ಲಿ ಅಷ್ಟು ಜನರೆದುರು ಒಂದು ಹನಿ ಕಣ್ಣೀರು ಹಾಕದವಳು ಆಗ ಕಣ್ಣು ತುಂಬಿಕೊಂಡು, ಕಿಟಕಿಯಿಂದ ಬಗ್ಗಿ ನನ್ನ ಕೈ ಹಿಡಿದಳು.

"ದೊಡ್ಡಮ್ಮ, ಆವತ್ತು ಲ್ಯಾಬಿಂದ ನೇರ ಊರಿಗೆ ಬಂದಿದ್ದೆ. ಅದೇ ಬಟ್ಟೇಲಿ ಹುಳು ಮನೆಗೆ ಹೋಗಿದ್ದೆ. ನಿಜ ಹೇಳಿ, ನನ್ನಿಂದ ಬಂದಿರಲ್ಲ ಅಲ್ವಾ?"

ಮುನಿಕೃಷ್ಣಪ್ಪನವರೇ, ಮೂರು ವರ್ಷ ವೈರಸ್ಸನ್ನೇ ಓದಿದ ಹುಡುಗಿ ಈ ಪ್ರಶ್ನೆಯನ್ನು ಕನ್ನಡ ಎಂ.ಎ. ಮಾಡಿದ ನನ್ನನ್ನು ಕೇಳುವ ಹಾಗೆ ಮಾಡಿದಿರಲ್ಲ, ನಿಮಗೆ ಏನು ಮಾಡಿದ್ದಳು ಅವಳು?