ಬಾಬು ಒಪ್ಪಿದರೆ ಸರಸು

ಕೋವಿಡ್ ಕಳೆದು ಮುಂಬಯಿಯ ಲೋಕಲ್‌ಗಳು ಮತ್ತೆ ಮೊದಲಿನಂತೆ ತುಂಬಿ ಓಡತೊಡಗಿದ್ದ ವರ್ಷವದು. ನಾನು ಚೆಂಬೂರಿನಲ್ಲಿ ಪಶುವೈದ್ಯೆಯಾಗಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಧಾರವಾಡದ ಕಡೆಯ ಹಳ್ಳಿಗಳಲ್ಲಿ ಎಮ್ಮೆ, ಎತ್ತುಗಳ ಮೇಲೆ ಕೈ ಪಳಗಿಸಿಕೊಂಡವಳು ನಾನು. ಆದರೆ ಮೂರನೇ ಮಹಡಿಯ ಫ್ಲಾಟಿನಲ್ಲಿ ಎಮ್ಮೆ ಎಲ್ಲಿಂದ ಬರಬೇಕು? ಬಂದವುಗಳಲ್ಲಿ ಬೆಕ್ಕುಗಳೇ ಹೆಚ್ಚು. ಬೆಕ್ಕು ಸಾಕಿದವರು ಕೇಳುವ ಪ್ರಶ್ನೆಗಳಲ್ಲಿ ನನ್ನ ತಲೆ ಕೆಡಿಸುತ್ತಿದ್ದದ್ದು ಒಂದೇ: "ಇನ್ನೊಂದನ್ನು ತರಬಹುದಾ?" ಔಷಧ ಕೊಡುವುದು ಸುಲಭ. ಈ ಪ್ರಶ್ನೆಗೆ ಮಾತ್ರ ಪಾಠದ ಪುಸ್ತಕದಲ್ಲಿ ಉತ್ತರ ಇರಲಿಲ್ಲ.

ಆ ಪ್ರಶ್ನೆ ಹೊತ್ತುಕೊಂಡು ಒಂದು ದಿನ ಶ್ರೀಧರ ರಾಯರೂ ಅವರ ಹೆಂಡತಿ ಸುನಂದಕ್ಕನೂ ಬಂದರು. ಉಡುಪಿ ಕಡೆಯವರು. ಸಯನ್‌ನಲ್ಲಿ ಅವರದೊಂದು ಹೋಟೆಲ್, ಚೆಂಬೂರಿನಲ್ಲಿ ಒಂದು ಬೆಡ್‌ರೂಮಿನ ಫ್ಲಾಟ್. ಆ ಫ್ಲಾಟಿನಲ್ಲಿ ಆಗಲೇ ಮೂರು ಬೆಕ್ಕುಗಳಿದ್ದವು. ಮಂಜಿ ಮತ್ತು ಕಾಳಿ ಹೆಣ್ಣು, ಬಾಬು ಗಂಡು. ಹೋಟೆಲಿದ್ದ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತಿತ್ತು, ತಿಂಗಳ ಕೊನೆಗೆ ಖಾಲಿ ಮಾಡಬೇಕಿತ್ತು. ಹೋಟೆಲಿನ ಹಿಂಬಾಗಿಲಲ್ಲಿ ಬಹಳ ವರ್ಷಗಳಿಂದ ಬೀಡುಬಿಟ್ಟಿದ್ದ ಸರಸು ಎಂಬ ಮುದಿ ಬೆಕ್ಕಿಗೆ ಹೋಗಲು ಬೇರೆ ಜಾಗವಿರಲಿಲ್ಲ.

"ಎಂತ ಮಾಡುದು ಡಾಕ್ಟ್ರೇ? ಇಷ್ಟು ವರ್ಷ ನಮ್ಮ ಅನ್ನ ಉಂಡದ್ದು. ಕಟ್ಟಡ ಒಡೆಯುವಲ್ಲಿ ಬಿಟ್ಟು ಬರ್ಲಿಕ್ಕೆ ಮನಸ್ಸೇ ಬರುದಿಲ್ಲ," ಎಂದರು ರಾಯರು.

"ಅದನ್ನು ತಂದು ನಮ್ಮ ಬಾಬು ಸತ್ತರೆ?" ಎಂದರು ಸುನಂದಕ್ಕ.

ಅದು ಉತ್ಪ್ರೇಕ್ಷೆಯ ಮಾತಲ್ಲ. ಗಂಡು ಬೆಕ್ಕಿನ ಮೂತ್ರನಾಳ ಬಲು ಸಪೂರ. ಮನೆಯಲ್ಲಿ ಅಂಜಿಕೆ, ಕಿರಿಕಿರಿ ಹೆಚ್ಚಾದರೆ ಕೆಲವು ಬೆಕ್ಕುಗಳ ಮೂತ್ರಕೋಶ ಊದಿಕೊಂಡು ನಾಳ ಕಟ್ಟಿಬಿಡುತ್ತದೆ. ಇದನ್ನು ನಾವು ಬ್ಲಾಕ್ ಎನ್ನುತ್ತೇವೆ. ತಕ್ಷಣ ಬಿಡಿಸದಿದ್ದರೆ ಪ್ರಾಣ ಹೋಗುತ್ತದೆ. ಬಾಬುವಿಗೆ ಹಾಗೆ ಎರಡು ಸಲ ಆಗಿತ್ತು, ಎರಡೂ ಸಲ ನಾನೇ ಕ್ಯಾಥೆಟರ್ ಹಾಕಿ ಉಳಿಸಿದ್ದೆ. ಹೊಸ ಬೆಕ್ಕು ಬಂದ ಗಾಬರಿಗೆ ಮತ್ತೆ ಕಟ್ಟಿದರೆ ಉಳಿಯುತ್ತಾನೆಂಬ ಧೈರ್ಯ ನನಗೂ ಇರಲಿಲ್ಲ.

ಬೇಡ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಂದು ಸಂಶಯ ತಲೆಗೆ ಹೊಕ್ಕಿತು. ಆ ಎರಡು ಸಲವೂ ಮನೆಗೆ ಹೊಸಬರು ಯಾರೂ ಬಂದಿರಲಿಲ್ಲ. ಹಾಗಿದ್ದರೆ ಬಾಬು ಹೆದರುತ್ತಿದ್ದದ್ದು ಯಾವುದಕ್ಕೆ?

"ನಾಳೆ ಅವು ಉಣ್ಣೂ ಹೊತ್ತಿಗೆ ನಿಮ್ಮ ಮನಿಗೆ ಬರ್ತೀನ್ರಿ. ಅಲ್ಲೀತನಕ ನಾ ಏನೂ ಹೇಳಂಗಿಲ್ಲ," ಎಂದೆ.

ಮರುದಿನ ಅವರ ಅಡುಗೆಮನೆಯಲ್ಲಿ ಕಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಗೋಡೆಗುಂಟ ಸ್ಟೀಲಿನ ಮೂರು ತಟ್ಟೆಗಳು, ಒಂದಕ್ಕೊಂದು ತಾಗುವಂತೆ ಸಾಲಾಗಿ. ಸುನಂದಕ್ಕ ಒಂದು ತುದಿಯಿಂದ ಬಡಿಸುತ್ತ ಬಂದರು. ರಾಯರು ಬಾಬುವನ್ನು ಎತ್ತಿ ತಂದು ನಡುವಿನ ತಟ್ಟೆಯ ಎದುರು ಕೂರಿಸಿದರು. ಅವನು ಕಿವಿ ಹಿಂದಕ್ಕೆ ಮಡಚಿ, ಅತ್ತ ಮಂಜಿಯನ್ನೂ ಇತ್ತ ಕಾಳಿಯನ್ನೂ ಓರೆಗಣ್ಣಿನಿಂದ ನೋಡುತ್ತ ಎರಡು ತುತ್ತು ಗಬಗಬ ನುಂಗಿ ಎದ್ದ. ಸುನಂದಕ್ಕ ಅವನನ್ನು ಹಿಡಿದು ಮತ್ತೆ ಕೂರಿಸಿ, "ಪಂಕ್ತಿಯಿಂದ ನಡುವೆ ಏಳ್ಬಾರ್ದು ಮಗಾ," ಎಂದರು.

"ಸಿಕ್ತು ನೋಡ್ರಿ!" ಎಂದು ನಾನು ಕೂಗಿದ ರಭಸಕ್ಕೆ ಕಾಳಿ ಚಂಗನೆ ಹಾರಿ ಕಿಟಕಿ ಸೇರಿದಳು. ನನಗೆ ಖುಷಿ ತಡೆಯಲಾಗಲಿಲ್ಲ. "ಈ ಪಂಕ್ತಿನೇ ಬಾಬೂನ ರೋಗಾರೀ! ಇವತ್ತಿಂದ ಮೂರೂ ತಾಟು ಮೂರು ಕಡೆ ಇಡ್ರಿ. ಒಂದಕ್ಕೊಂದು ಕಾಣಬಾರ್ದು."

ಸುನಂದಕ್ಕನಿಗೆ ನಿಜವಾಗಿಯೂ ನೋವಾಯಿತು. "ಹೋಟೆಲಿನವರ ಮನೆಯಲ್ಲಿ ಪಂಕ್ತಿಭೇದವಾ ಡಾಕ್ಟ್ರೇ?"

ನಾಲ್ಕು ಜನರನ್ನು ಒಟ್ಟಿಗೆ ಕೂರಿಸಿ ಸಮನಾಗಿ ಬಡಿಸುವುದೇ ಪ್ರೀತಿ ಎಂದು ನಂಬಿ ಬದುಕಿದವರು ಅವರು. ಆದರೆ ಬೆಕ್ಕು ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಪ್ರಾಣಿ. ಪಕ್ಕದಲ್ಲಿ ಇನ್ನೊಂದು ಬೆಕ್ಕು ಕೂತರೆ ಅದರ ಪಾಲಿಗೆ ಅದು ಸಹಭೋಜನವಲ್ಲ, ಕಾವಲು ಕಾಯುವ ಕೆಲಸ. ಇದನ್ನು ಬಿಡಿಸಿ ಹೇಳಿದೆ. ಮಂಜಿಯ ತಟ್ಟೆ ಬೆಡ್‌ರೂಮಿಗೆ, ಕಾಳಿಯದು ಹಾಲಿಗೆ, ಬಾಬುವಿನದು ಫ್ರಿಜ್ಜಿನ ಮೇಲಕ್ಕೆ ಹೋಯಿತು. ಮೂವರಿಗೂ ಸೇರಿ ಒಂದೇ ಲಿಟ್ಟರ್ ಟ್ರೇ, ಅಂದರೆ ಉಚ್ಚೆ ಹೊಯ್ಯಲು ಮಣ್ಣು ತುಂಬಿಟ್ಟ ತಟ್ಟೆ, ಇತ್ತು; ಈಗ ಬೇರೆ ಬೇರೆ ಮೂಲೆಗಳಲ್ಲಿ ಹಲವು ಟ್ರೇಗಳು ಬಂದವು.

ಇತ್ತ ಸರಸು, ಹೋಟೆಲಿನ ಟೊಮ್ಯಾಟೊ ಕ್ರೇಟಿನಲ್ಲಿ ಕೂತು, ಮೇಲೊಂದು ಕ್ರೇಟ್ ಮುಚ್ಚಿಸಿಕೊಂಡು, ಟ್ಯಾಕ್ಸಿಯಲ್ಲಿ ನನ್ನ ಕ್ಲಿನಿಕ್ಕಿಗೆ ಬಂದಳು. ರಕ್ತ ಪರೀಕ್ಷೆ ಮಾಡಿದೆ, ಲಸಿಕೆ ಹಾಕಿದೆ, ಅಂಟುರೋಗ ಇಲ್ಲವೆಂದು ಖಚಿತವಾಗುವ ತನಕ ಪ್ರತ್ಯೇಕವಾಗಿಟ್ಟೆ. ಸರಸು ಮಲಗಿದ್ದ ಬಟ್ಟೆಯನ್ನು ಬಾಬುವಿಗೂ ಬಾಬುವಿನ ಬಟ್ಟೆಯನ್ನು ಸರಸುವಿಗೂ ಕಳಿಸಿದೆವು. ಮುಖ ನೋಡುವ ಮೊದಲು ವಾಸನೆಯ ಪರಿಚಯ ಆಗಲಿ ಎಂದು. ಮೂರನೆಯ ಸಲ ಬಾಬು ಆ ಬಟ್ಟೆಯ ಮೇಲೇ ಮಲಗಿ ನಿದ್ದೆ ಹೋದನಂತೆ. ಆ ಸುದ್ದಿ ಕೇಳಿ ನಾನು ಕ್ಲಿನಿಕ್ಕಿನ ಕಾಂಪೌಂಡರನಿಗೆ ಚಹಾ ಕುಡಿಸಿದೆ!

ಬಳಿಕ ಮಂಜಿಯ ತಟ್ಟೆಯನ್ನು ಬೇರೆಡೆಗೆ ಸರಿಸಿ, ಸರಸುವನ್ನು ರಾಯರ ಬೆಡ್‌ರೂಮಿನಲ್ಲಿ ಕೆಲವು ದಿನ ಕದ ಹಾಕಿ ಇರಿಸಿದೆವು. ಕದ ತೆರೆಯುವ ಸಂಜೆ ನಾನೂ ಹೋದೆ. ಸರಸು ಹೊಸ್ತಿಲಲ್ಲಿ ಕೂತು ಯಾರನ್ನೂ ನೋಡದೆ ಕಿಟಕಿ ನೋಡಿದಳು. ದಿಟ್ಟಿಸಿ ನೋಡಿದರೆ ಜಗಳವೆಂದು ಗಿರಾಕಿಗಳ ನಡುವೆ ಬೆಳೆದವಳಿಗೆ ಹೇಳಿಕೊಡಬೇಕೇ? ಬಾಬು ಬಂದ, ಮೂಸಿದ, ಆಮೇಲೆ ಅವಳಿಗೆ ಬೆನ್ನು ಹಾಕಿ ಕೂತು ಪಂಜ ನೆಕ್ಕತೊಡಗಿದ. ಅಂಜಿದ ಬೆಕ್ಕು ಯಾರಿಗೂ ಬೆನ್ನು ಕೊಡುವುದಿಲ್ಲ. ಕುಣಿಯಬೇಕೆನಿಸಿತು. ಆದರೂ ಗಟ್ಟಿಮನಸ್ಸಿನಿಂದ ಹೇಳಿದೆ: "ನಾಳೆ ಮುಂಜಾನೆ ಬಾಬು ಸರಾಗ ಉಚ್ಚಿ ಹೊಯ್ದ್ರ ಸರಸು ಇರ್ತಾಳ. ಇಲ್ಲಾಂದ್ರ ಆಕಿನ್ನ ನಾ ವಾಪಸ್ ಒಯ್ತೀನಿ."

ಬೆಳಿಗ್ಗೆ ಕ್ಲಿನಿಕ್ಕಿಗೆ ಔಷಧ ತರಲು ಹೊರಟು ಚೆಂಬೂರು ಸ್ಟೇಶನ್ನಿನಲ್ಲಿ ನಿಂತಿದ್ದೆ; ಲೋಕಲ್ ಒಳಬರುವಾಗಲೇ ಫೋನ್ ಬಂತು.

"ಡಾಕ್ಟ್ರೇ, ಹೊಯ್ದ! ಬಾಬು ಹೊಯ್ದ ಮಾರಾಯ್ರೆ! ಟ್ರೇಯಲ್ಲಿ ಇಷ್ಟು ದೊಡ್ಡ ಒದ್ದೆ ಉಂಟು!" ಸುನಂದಕ್ಕ ಅಳುತ್ತ ನಗುತ್ತಿದ್ದರು.

"ಹೊಯ್ದನಾ? ಶಭಾಶ್!" ಎಂದು ಪ್ಲಾಟ್‌ಫಾರ್ಮಿನಲ್ಲೇ ಕೂಗಿದೆ. ಜನ ತಿರುಗಿ ನೋಡಿದರು. ಲೋಕಲ್ ತಪ್ಪಿತು. ತಪ್ಪಲಿ ಎಂದುಕೊಂಡೆ.

ಅಂದಿನಿಂದ "ಇನ್ನೊಂದನ್ನು ತರಬಹುದಾ?" ಎಂದು ಕೇಳುವವರಿಗೆ ಮನೆ ಎಷ್ಟು ದೊಡ್ಡದು ಎಂದು ನಾನು ಮೊದಲು ಕೇಳುವುದಿಲ್ಲ. ಈಗಿರುವ ಬೆಕ್ಕುಗಳಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರು ಯಾರು ಎಂದು ಕೇಳುತ್ತೇನೆ. ಹೊಸಬರು ಬರಬೇಕೋ ಬೇಡವೋ ಎಂದು ಹೇಳಬೇಕಾದವರು ಅವರೇ.